ಮಾರ್ಜಿನ್ ಸಿಸ್ಟರ್ ಮೇಲಿನ ದೂರುಗಳು

"ನೋವು ಎಷ್ಟಿದೆಯಮ್ಮಾ? ಒಂದರಿಂದ ಹತ್ತರೊಳಗೆ ಹೇಳಿ."

"ಮೂರು ಅಂತ ಬರ್ಕೊಳ್ಳಿ ಅಕ್ಕಾ."

ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಆ ಹೆಂಗಸು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಬೆರಳುಗಳು ಬಿಳಿಚಿದ್ದವು. ಸ್ತ್ರೀರೋಗ ವಿಭಾಗದ ಹಿರಿಯ ನರ್ಸ್ ನಮೂನೆಯ ಚೌಕದಲ್ಲಿ ಮೂರು ಎಂದು ಬರೆದರು. ಪೆನ್ನು ಕೆಳಗಿಡದೆ ಮತ್ತೆ ಕೇಳಿದರು: "ಮುಟ್ಟಿನ ದಿನಗಳಲ್ಲಿ ಯಾವ ಕೆಲಸ ಬಿಟ್ಟಿದ್ದೀರಿ?"

"ಬಿಟ್ರೆ ನಡೆಯುತ್ತಾ? ಮೆಟ್ಟಿಲು ಹತ್ತೋದು ಮಾತ್ರ ಬಿಟ್ಟಿದ್ದೀನಿ. ಆಮೇಲೆ... ಮಗೂನ ಎತ್ಕೊಂಡು ಎರಡು ತಿಂಗಳಾಯ್ತು."

ನರ್ಸ್ ಹಾಳೆಯ ಮಾರ್ಜಿನ್ನಿನಲ್ಲಿ ಬರೆದರು: ಮೆಟ್ಟಿಲು ಇಲ್ಲ. ಮಗು ಎತ್ತಿಲ್ಲ, ಎರಡು ತಿಂಗಳು.

ಹನ್ನೊಂದು ವರ್ಷದಿಂದ ಅವರ ಪದ್ಧತಿ ಇದೇ. "ಕ್ಯೂನಲ್ಲಿ ಹಿಂದೆ ನಿಂತವಳ ಮುಖ ನೋಡಿ ನಂಬರು ಹೇಳ್ತಾರೆ. ಕೆಲಸ ಕೇಳಿದ್ರೆ ನಿಜ ಹೇಳ್ತಾರೆ" ಎನ್ನುತ್ತಾರೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆಲ್ಲೋ ಬೆಳೆಯುವ ಕಾಯಿಲೆ ಅವರಿಗೂ ಇತ್ತು. ಅದಕ್ಕೊಂದು ಹೆಸರು ಸಿಗಲು ಒಂಬತ್ತು ವರ್ಷ ಹಿಡಿಯಿತು. ಅಷ್ಟೂ ವರ್ಷ ಅವರ ಚೀಟಿಯಲ್ಲಿದ್ದದ್ದು ಮೂರು ಎಂಬ ಅಂಕಿಯೇ.

ಬಿಟ್ಟ ಕೆಲಸಗಳ ಪಟ್ಟಿಯಿಂದ ಈ ಕಾಯಿಲೆಯನ್ನು ಬೇಗ ಹಿಡಿಯಬಹುದೇ ಎಂದು ನೋಡಲು ಅವರ ಆಸ್ಪತ್ರೆ, ಒಂದು ಎಂಜಿನಿಯರಿಂಗ್ ಕಾಲೇಜು ಮತ್ತು ಬೇರೆ ಊರಿನ ಒಂದು ಪ್ರಯೋಗಾಲಯ ಜೊತೆಯಾಗಿ ಸಂಶೋಧನಾ ಅನುದಾನ ಕೇಳಿದ್ದವು. ಎರಡು ಸಲ ಅರ್ಜಿ ವಾಪಸು ಬಂದಿತ್ತು. ಮೂರಕ್ಕಿಂತ ಹೆಚ್ಚು ಅವಕಾಶ ಇಲ್ಲ. ಮೂರನೆಯ ಸಂದರ್ಶನ ಅವತ್ತು ಹನ್ನೆರಡಕ್ಕೆ.

ಯೋಜನೆಯ ಹೊಣೆ ಹೊತ್ತ ಡಾಕ್ಟರಮ್ಮನ ಕೊಠಡಿಯ ಲ್ಯಾಪ್‌ಟಾಪಿನಲ್ಲಿ ಅನುದಾನ ಸಮಿತಿಯ ಏಳು ಮುಖಗಳು. ಅಧ್ಯಕ್ಷೆ ಮಾತು ಬೆಳೆಸಲಿಲ್ಲ. "ವಿವರಣೆ ಸಾಕು. ಹಳೇ ಕಡತ ತೋರಿಸಿ."

ಡಾಕ್ಟರಮ್ಮ ಗಣಕೀಕೃತ ಕಡತ ತೆರೆದರು. ಮಾರ್ಜಿನ್ನೇ ಇರಲಿಲ್ಲ. ಇನ್ನೊಂದು ತೆರೆದರು, ಮತ್ತೊಂದು. ಪಕ್ಕದಲ್ಲಿದ್ದ ನರ್ಸ್ ಪರದೆಯ ಹತ್ತಿರಕ್ಕೆ ಬಗ್ಗಿದರು. ಸ್ಕ್ಯಾನ್ ಮಾಡಿದವರು ಪುಟ ಚೊಕ್ಕವಾಗಿ ಕಾಣಲೆಂದು ನಾಲ್ಕೂ ಅಂಚು ಕತ್ತರಿಸಿದ್ದರು. ಸ್ಕ್ಯಾನ್ ಆದ ಕಾಗದಗಳೆಲ್ಲ ರದ್ದಿಗೆ ಹೋಗಿವೆ ಎಂದು ಕಚೇರಿ ಹೋದ ವರ್ಷವೇ ತಿಳಿಸಿತ್ತು.

"ಎರಡು ಗಂಟೆಗೆ ಮತ್ತೆ ಸೇರೋಣ. ಆಗಲೂ ಇಲ್ಲದಿದ್ರೆ ಇದು ಇಲ್ಲಿಗೆ ಮುಗೀತು" ಎಂದರು ಅಧ್ಯಕ್ಷೆ.

ನರ್ಸ್ ಲಿಫ್ಟಿಗೂ ಕಾಯದೆ ನೆಲಮಾಳಿಗೆಯ ದಾಖಲೆ ಕೋಣೆಗೆ ಇಳಿದರು. ಅಲ್ಲಿನ ಗುಮಾಸ್ತರಿಗೂ ಅವರಿಗೂ ಹಾವು ಮುಂಗುಸಿ ಸಂಬಂಧ. ಮಾರ್ಜಿನ್ ಸಿಸ್ಟರ್ ಎಂದು ಆಸ್ಪತ್ರೆಯಿಡೀ ಕರೆಯುವ ಹೆಸರು ಇಟ್ಟವರೇ ಇವರು.

"ಏನು ಸಿಸ್ಟರಮ್ಮಾ, ಕೊನೆಗೂ ತಪ್ಪೊಪ್ಪಿಗೆಗೆ ಬಂದ್ರಾ?"

"ನನ್ನ ಹಾಳೆಗಳಲ್ಲಿ ಒಂದಾದ್ರೂ ಉಳಿದಿದೆಯಾ ಗುಮಾಸ್ತರೇ?"

"ಒಂದಾ? ಎಲ್ಲಾ ಇವೆ! ನಕಲು ಅಸಲಿನ ಹಾಗಿಲ್ಲದಿದ್ರೆ ಅಸಲನ್ನ ನಾಶ ಮಾಡೋ ಹಾಗಿಲ್ಲ. ನಿಯಮ ಅದು. ರದ್ದಿ ಪಟ್ಟಿಗೆ ನಾನು ಸಹಿ ಹಾಕ್ಲಿಲ್ಲ. ನಿಮ್ಮಿಂದ ಎರಡು ಬೀರು ತುಂಬಿದೆ, ನನಗೆ ಕುರ್ಚಿ ಹಾಕೋಕೆ ಜಾಗ ಇಲ್ಲ."

ಹುಡುಕುವ ಬಳ್ಳಿ ಕಾಲಿಗೆ ತೊಡರಿತ್ತು. ಆದರೆ ಸಾವಿರಾರು ಹಾಳೆಗಳಲ್ಲಿ ಯಾವುದು ಎಲ್ಲಿದೆ ಎಂದು ಎರಡು ಗಂಟೆಯೊಳಗೆ ಹುಡುಕುವುದು ಹೇಗೆ? ಗುಮಾಸ್ತರು ಮೇಜಿನಡಿಯಿಂದ ನಾಲ್ಕು ದಪ್ಪ ರಿಜಿಸ್ಟರು ಎಳೆದರು. ರಟ್ಟಿನ ಮೇಲೆ ಕೆಂಪು ಶಾಯಿ: ಅನಧಿಕೃತ ಬರಹ, ದೂರುಗಳು. ಕಡತದ ಸಂಖ್ಯೆ, ತಾರೀಖು, ಬೀರುವಿನ ಖಾನೆ. ಎದುರಿಗೆ, ಸಾಕ್ಷಿಗೆಂದು, ಮಾರ್ಜಿನ್ನಿನ ಪ್ರತಿ ಸಾಲೂ ದುಂಡು ಅಕ್ಷರದಲ್ಲಿ ನಕಲಾಗಿತ್ತು. ಹನ್ನೊಂದು ವರ್ಷ, ಒಂದೂ ಬಿಟ್ಟಿರಲಿಲ್ಲ.

"ಅಯ್ಯೋ ಮಾರಾಯರೇ!" ನರ್ಸ್ ಎರಡು ರಿಜಿಸ್ಟರು ಎತ್ತಿ ಎದೆಗವಚಿಕೊಂಡರು. "ಏಳಿ, ಉಳಿದೆರಡು ನೀವು ಹಿಡ್ಕೊಳ್ಳಿ!"

ಎರಡು ಗಂಟೆಗೆ ಅಧ್ಯಕ್ಷೆ ಮನಸ್ಸಿಗೆ ಬಂದ ಕಡತ ಸಂಖ್ಯೆಗಳನ್ನು ಹೇಳುತ್ತ ಹೋದರು. ಗುಮಾಸ್ತರು ರಿಜಿಸ್ಟರು ನೋಡಿ ಖಾನೆ ಹೇಳಿದರು, ಡಾಕ್ಟರಮ್ಮ ಫೋನಿನಲ್ಲಿ ಕೆಳಗೆ ತಿಳಿಸಿದರು, ನರ್ಸ್ ಹಾಳೆ ಹಿಡಿದು ಮೇಲೆ ಓಡಿಬಂದರು. ಒಂಬತ್ತಕ್ಕೆ ಒಂಬತ್ತೂ ತಾಳೆಯಾದವು.

"ಇದನ್ನೆಲ್ಲ ಯಾಕೆ ಬರೆದಿಟ್ರಿ?" ಅಧ್ಯಕ್ಷೆ ಕೇಳಿದರು.

"ಇವರನ್ನ ಎತ್ತಂಗಡಿ ಮಾಡಿಸೋಕೆ ಮೇಡಂ."

ಏಳು ಮುಖಗಳೂ ನಕ್ಕವು. ಹತ್ತನೆಯ, ಕೊನೆಯ ಸಂಖ್ಯೆ ಬಂತು. ಗುಮಾಸ್ತರು ತಮ್ಮದೇ ಅಕ್ಷರವನ್ನು ಓದಿದರು: "ಬಸ್ಸಿನಲ್ಲಿ ನಿಲ್ಲುವುದು ಬಿಟ್ಟಿದ್ದಾರೆ. ಜೋರಾಗಿ ನಗುವುದು ಬಿಟ್ಟಿದ್ದಾರೆ." ಆ ಸಾಲಿನ ಮೇಲೆ ಬೆರಳಿಟ್ಟು, "ನಾನೇ ಬರೆದದ್ದು. ಇವತ್ತೇ ಓದಿದ್ದು" ಎಂದರು.

ನಾಲ್ಕೂ ಇಪ್ಪತ್ತಕ್ಕೆ ಡಾಕ್ಟರಮ್ಮ ಬರಿಗಾಲಲ್ಲಿ ಮೊಗಸಾಲೆಗೆ ಓಡಿಬಂದರು. "ಸಿಕ್ತು! ಮೂರು ವರ್ಷಕ್ಕೆ, ಪೂರ್ತಿ! ಸಿಕ್ತು ಕಣ್ರೀ!" ಕ್ಯೂನಲ್ಲಿದ್ದ ಹೆಂಗಸರು ಏನೆಂದು ತಿಳಿಯದಿದ್ದರೂ ಚಪ್ಪಾಳೆ ತಟ್ಟಿದರು.

"ಇನ್ನಾದ್ರೂ ಮಾರ್ಜಿನ್ ಬಿಟ್ಟು ಬರೀತೀರಾ?" ಗುಮಾಸ್ತರು ಕೇಳಿದರು.

"ಹೊಸ ನಮೂನೆಯಲ್ಲಿ ಬಿಟ್ಟ ಕೆಲಸದ ಪ್ರಶ್ನೆಗೇ ಒಂದು ಚೌಕ ಹಾಕಿಸ್ತಾರಂತೆ."

"ಚೌಕದಿಂದ ಆಚೆ ಹೋದ್ರೆ ದೂರು ಬರೀತೀನಿ."

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕಾಲೇಜಿನ ಇಬ್ಬರು ಬಂದು ಮೊದಲ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸಲು ಶುರುಮಾಡುತ್ತಾರೆ. ಬಟ್ಟೆ ಅಂಗಡಿಯ ಹೆಂಗಸಿಗೆ ಬುಧವಾರ ಹತ್ತೂವರೆಗೆ ಸ್ಕ್ಯಾನಿಂಗ್ ಇದೆ.