ಕೊನೆಗೆ ಉಣ್ಣುವ ಕುಂಞಿ

ನಮ್ಮ ಮೆಸ್ಸಿನಲ್ಲಿ ಮಧ್ಯಾಹ್ನದ ಊಟ ಹನ್ನೊಂದೂವರೆಗೆ ಶುರುವಾಗುತ್ತದೆ. ಪೈಪ್‌ಲೈನ್ ಕೆಲಸದ ಮುನ್ನೂರು ಮಂದಿ ಉಂಡು ಎದ್ದ ಮೇಲೆ ಅಡುಗೆಮನೆಯ ಹದಿನಾಲ್ಕು ಮಂದಿ ತಟ್ಟೆ ಹಿಡಿದು ಸಾಲು ನಿಲ್ಲುತ್ತಾರೆ. ಆ ಸಾಲಿನ ಕೊನೆಯವನು ಮಹಮ್ಮದ್ ಕುಂಞಿ, ಮೆಸ್ಸಿನ ಸೂಪರ್‌ವೈಸರ್. ಅವನ ಸರದಿ ಬರುವಾಗ ಕೆಲವು ದಿನ ಕೋಳಿ ಇರುತ್ತದೆ, ಕೆಲವು ದಿನ ಕೋಳಿಯ ವಾಸನೆ ಮಾತ್ರ ಇರುತ್ತದೆ. ತಳ ಹಿಡಿದ ಅನ್ನಕ್ಕೆ ಮೊಸರು ಸುರಿದು, ಉಂಡು ತಟ್ಟೆ ತೊಳೆದಿಡುತ್ತಾನೆ. ನೋಡುವ ನನಗೆ ಸಿಟ್ಟು ಬರುತ್ತದೆ. ಮೂವತ್ತನಾಲ್ಕು ವರ್ಷದಿಂದ ಬರುತ್ತಿದೆ.

ನಾನು ಬಾಸಿಲ್, ಉಡುಪಿ ಕಡೆಯ ಶಂಕರಪುರದವನು. ಅದೇ ಕೇಟರಿಂಗ್ ಕಂಪನಿಯ ಆಫೀಸಿನಲ್ಲಿ ಕೂತು ಇಕಾಮಾ ಎಂಬ ವಾಸದ ಪರವಾನಗಿ, ವೀಸಾ, ರಜೆ ಎಂದು ಕಾಗದ ತಳ್ಳುವವನು. ಕುಂಞಿ ಫರಂಗಿಪೇಟೆಯವನು. ಅವನ ಮನೆಮಾತು ಬ್ಯಾರಿ, ನನ್ನದು ಕೊಂಕಣಿ, ನಮ್ಮಿಬ್ಬರ ನಡುವೆ ನಡೆಯುವುದು ತುಳುವೂ ಕನ್ನಡವೂ ಕಲಸಿದ ಮಾತು. ಗಲ್ಫಿನ ಅಲ್ ಖೋಬರ್ ಪಟ್ಟಣದ ಥುಕ್ಬಾ ಬಡಾವಣೆಯಲ್ಲಿ ಒಂದೇ ಕಟ್ಟಡದ ಅಕ್ಕಪಕ್ಕದ ಕೋಣೆಗಳಲ್ಲಿ ನಮ್ಮ ವಾಸ. ಅವನು ಕೆಮ್ಮಿದರೆ ನನಗೆ ಕೇಳಿಸುತ್ತದೆ. ನಾನು ಫೋನಿನಲ್ಲಿ ಹೆಂಡತಿ ಪ್ರೆಸಿಲ್ಲಾಳಿಂದ ಬೈಸಿಕೊಳ್ಳುವುದು ಅವನಿಗೆ ಕೇಳಿಸುತ್ತದೆ.

ಈ ಕೊನೆಗೆ ಉಣ್ಣುವ ಹುಚ್ಚು ಅವನಿಗೆ ಹಿಡಿದದ್ದು ತೊಂಬತ್ತರ ನವೆಂಬರಿನಲ್ಲಿ. ಕುವೈತ್ ಗಲಾಟೆಗೆಂದು ಅಮೆರಿಕದ ಸೈನ್ಯ ಬಂದು ಪಕ್ಕದ ದಹ್ರಾನಿನ ಸುತ್ತ ಡೇರೆ ಹಾಕಿತ್ತು. ಒಂದು ಡೇರೆಯ ಮೆಸ್ಸಿಗೆ ಆಳು ಕೊಡುವ ಕಾಂಟ್ರಾಕ್ಟು ನಮ್ಮ ಕಂಪನಿಗೆ ಸಿಕ್ಕಿತು. ನನಗೆ ಇಪ್ಪತ್ತೆರಡು, ಊಟಕ್ಕೆ ಬಂದವರ ತಲೆ ಲೆಕ್ಕ ಬರೆಯುವ ಕೆಲಸ. ಕುಂಞಿಗೆ ಇಪ್ಪತ್ತೈದು, ಪಾತ್ರೆ ತೊಳೆಯುವ ಕೆಲಸ. ಸೈನಿಕರಿಗೆ ಕಾಗದದ ತಟ್ಟೆಯಾದ್ದರಿಂದ ಅವನ ಪಾಲಿಗೆ ಬರುತ್ತಿದ್ದದ್ದು ದೊಡ್ಡ ಹಂಡೆಗಳು ಮಾತ್ರ. ಆ ಹಂಡೆಗಳ ಒಳಗೆ ಅರ್ಧ ಇಳಿದು ತಿಕ್ಕುತ್ತಿದ್ದ.

ಆ ತಿಂಗಳ ನಾಲ್ಕನೆಯ ಗುರುವಾರ ಅವರದ್ದೊಂದು ಹಬ್ಬ. ಟರ್ಕಿ ಕೋಳಿ ಸುಟ್ಟು ತಿನ್ನುತ್ತಾರೆ. ಎರಡು ನಕ್ಷತ್ರದ ಒಬ್ಬ ಜನರಲ್ ಬಂದ. ಸಮವಸ್ತ್ರದ ಮೇಲೆ ಬಿಳಿ ಏಪ್ರನ್ ಕಟ್ಟಿಕೊಂಡು, ತಾನೇ ಸೌಟು ಹಿಡಿದು, ಮೊನ್ನೆ ಮೊನ್ನೆ ಮೀಸೆ ಬಂದ ಹುಡುಗರಿಗೆಲ್ಲ ಬಡಿಸಿದ. ಕ್ಯಾಮೆರಾ ಹಿಡಿದವರು ಮೂರು ಮಂದಿ. ನಮ್ಮ ಜತೆ ಅಡುಗೆ ಮಾಡುತ್ತಿದ್ದ ಕರಿಯ ಸಾರ್ಜೆಂಟ್ ಕುಂಞಿಗೆ ಕೈಸನ್ನೆ ಮಾಡಿ ವಿವರಿಸಿದ: ನಮ್ಮ ಸೈನ್ಯದಲ್ಲಿ ಯಾರು ಎಲ್ಲರಿಗಿಂತ ದೊಡ್ಡವನೋ ಅವನು ಎಲ್ಲರಿಗಿಂತ ಕೊನೆಗೆ ಉಣ್ಣುತ್ತಾನೆ.

ಸಾಲು ಮುಗಿದ ಮೇಲೆ ಜನರಲ್ ಸುತ್ತ ನೋಡಿದ. ಹಂಡೆಯ ಪಕ್ಕ ಮೊಣಕೈವರೆಗೆ ಸೋಪಿನ ನೊರೆ ಹಚ್ಚಿಕೊಂಡು ನಿಂತಿದ್ದ ಕುಂಞಿಯನ್ನು ಕರೆದ. ತಟ್ಟೆ ತುಂಬಿಸಿ ಎರಡೂ ಕೈಯಲ್ಲಿ ಕೊಟ್ಟು 'ಸರ್' ಎಂದ. ಒಬ್ಬ ಫೋಟೊ ತೆಗೆದ. ಆ ಫೋಟೊ ಲ್ಯಾಮಿನೇಷನ್ ಆಗಿ ಇವತ್ತಿಗೂ ಕುಂಞಿಯ ಮಂಚದ ಮೇಲಿನ ಗೋಡೆಯಲ್ಲಿದೆ. ಜನರಲನ ಮುಖಕ್ಕೆ ಬಿಸಿಲು ಬಡಿದು ಬರೀ ಹಲ್ಲು ಕಾಣುತ್ತದೆ.

ಇನ್ನು ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಆ ದಿನದ ಲೆಕ್ಕದ ಪುಸ್ತಕದಲ್ಲಿ ಮೊದಲ ಸಾಲು ನಾನೇ ಬರೆದದ್ದು. ಹನ್ನೊಂದು ಗಂಟೆಗೆ, ಮೆಸ್ಸು ತೆರೆಯುವ ಮೊದಲು, ಹಿಂಬದಿಯ ಸಣ್ಣ ಡೇರೆಯಲ್ಲಿ ಊಟ ಐದು. ಜನರಲ್ ಮತ್ತು ನಾಲ್ವರು ಕರ್ನಲ್‌ಗಳು. ಹೊಟ್ಟೆ ತುಂಬಿಸಿಕೊಂಡೇ ಆ ಮನುಷ್ಯ ಏಪ್ರನ್ ಕಟ್ಟಿದ್ದು. ಆ ಸಂಜೆ ಕುಂಞಿಯ ಮುಖದಲ್ಲಿದ್ದ ಸಂತೋಷ ನೋಡಿ ನನಗೆ ಹೇಳುವ ಮನಸ್ಸಾಗಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ.

ಅವನು ಸಹಾಯಕ ಅಡುಗೆಯವನಾದ, ಅಡುಗೆಯವನಾದ, ಸೂಪರ್‌ವೈಸರ್ ಆದ. ಕೈಕೆಳಗೆ ಜನ ಬಂದಂತೆ ಈ ಹುಚ್ಚು ಊಟದಿಂದ ಆಚೆಗೂ ಹಬ್ಬಿತು. ಎಸಿ ಕೆಟ್ಟರೆ ಅವನ ಕೋಣೆಯದ್ದು ಕೊನೆಗೆ ರಿಪೇರಿ. ಹೊಸ ಬೂಟು ಬಂದರೆ ಅವನಿಗೆ ಕೊನೆಯ ಜೋಡಿ. ವರ್ಷವರ್ಷವೂ ಹಬ್ಬದ ಆ ಗುರುವಾರ ತಾನೇ ಏಪ್ರನ್ ಕಟ್ಟಿ ಮುನ್ನೂರು ಮಂದಿಗೂ ಬಡಿಸುತ್ತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ ರಜೆಯ ಪಟ್ಟಿ. ಅಡುಗೆಮನೆಯಿಂದ ಒಮ್ಮೆಗೆ ಇಬ್ಬರಿಗಿಂತ ಹೆಚ್ಚು ಮಂದಿ ಊರಿಗೆ ಹೋಗುವಂತಿಲ್ಲ ಎಂಬುದು ಕಂಪನಿಯ ನಿಯಮ. ಜನವರಿಯಲ್ಲಿ ಪಟ್ಟಿ ಮಾಡುತ್ತೇವೆ. ಅವನ ಹೆಸರು ಕಡೆಯದು, ಅಂದರೆ ಡಿಸೆಂಬರ್. ನಡುವೆ ಯಾರದ್ದಾದರೂ ಮದುವೆಯೋ ಸಾವೋ ಬಂದು ಪಟ್ಟಿ ಜಾರಿದರೆ ಕಡೆಯ ಹೆಸರು ಮುಂದಿನ ವರ್ಷಕ್ಕೆ ಬೀಳುತ್ತಿತ್ತು. ಹಾಗೆ ಒಮ್ಮೆ ಮೂರು ವರ್ಷ ಅವನು ಊರಿನ ಮುಖ ನೋಡಲಿಲ್ಲ. ಮಗಳು ಶಬ್ನಮ್ ಅವನನ್ನು ಗುರುತಿಸದೆ ತಾಯಿಯ ಹಿಂದೆ ಅಡಗಿದ್ದು ಆಗಲೇ.

ಊರಿಗೆ ಹೋದರೆ ಅಲ್ಲೂ ಇದೇ ಗೋಳು. ಅವನ ಹೆಂಡತಿ ಜೈನಬಾ ನನಗೆ ಫೋನಿನಲ್ಲಿ ಹೇಳಿ ನಗುತ್ತಿದ್ದಳು.

"ಬಾಸಿಲಣ್ಣ, ಇವರು ಎಲ್ಲರದ್ದೂ ಆಗದೆ ಬಟ್ಟಲು ಮುಟ್ಟುದಿಲ್ಲ. ಇವರದ್ದು ಆಗದೆ ನಾನು ಮುಟ್ಟುದಿಲ್ಲ. ಬಂಗುಡೆ ಸಾರು ತಣ್ಣಗಾಗಿ ಕಲ್ಲಾಗುತ್ತದೆ. ಅತ್ತೆ ಬೈದ ಮೇಲೆ ಈಗ ಇಬ್ಬರಿಗೂ ಒಂದೇ ಬಟ್ಟಲು."

ಎರಡು ವರ್ಷದ ಹಿಂದೆ ಕಂಪನಿಯವರು ಸೂಪರ್‌ವೈಸರ್‌ಗಳಿಗೆಲ್ಲ ನಾಯಕತ್ವದ ತರಬೇತಿ ಇಟ್ಟರು. ಟೈ ಕಟ್ಟಿದವನೊಬ್ಬ ಬಂದು ಗೋಡೆಯ ಮೇಲೆ ಅಮೆರಿಕದ ಹಳೆಯ ಜನರಲ್‌ಗಳನ್ನು ಒಬ್ಬೊಬ್ಬರಾಗಿ ತೋರಿಸಿದ. ಶತ್ರು ಶರಣಾದ ದಿನವೂ ಕೆಸರು ಸಿಡಿದ ಸಾದಾ ಅಂಗಿಯಲ್ಲೇ ಹೋದ ಗ್ರಾಂಟ್. ನಾರ್ಮಂಡಿಯ ದಾಳಿಯ ಮುನ್ನ, ಇದು ಸೋತರೆ ತಪ್ಪೆಲ್ಲ ನನ್ನದೊಬ್ಬನದೇ ಎಂದು ಚೀಟಿ ಬರೆದು ಜೇಬಿನಲ್ಲಿಟ್ಟುಕೊಂಡ ಐಸೆನ್‌ಹೋವರ್. ಪಾಟನ್ನನ ಶೌರ್ಯವೂ ಇತ್ತು. ಆಸ್ಪತ್ರೆಯಲ್ಲಿ ನಡುಗುತ್ತಿದ್ದ ಸೈನಿಕನ ಕಪಾಳಕ್ಕೆ ಅವನು ಬಾರಿಸಿದ್ದು ಮಾತ್ರ ಸ್ಲೈಡಿನಲ್ಲಿ ಇರಲಿಲ್ಲ. ಕುಂಞಿ ಎದ್ದು ತನ್ನ ಟರ್ಕಿ ಕೋಳಿಯ ಕಥೆ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಜರಿ ಬರೆಯಲು ಕೂತಿದ್ದ ನಾನೂ ತಟ್ಟಿದೆ.

ಹೊರಗೆ ಬಂದ ಮೇಲೆ ಅವನು ಕೇಳಿದ್ದು ಒಂದೇ: "ಆ ಚೀಟಿ ಬರೆದವನು, ಗೆದ್ದ ಮೇಲೆ ಚೀಟಿ ಎಂತ ಮಾಡಿದ?"

ನಾನು ಹಾಜರಿಯ ಹಾಳೆ ಮಡಚಿ ಜೇಬಿಗೆ ಹಾಕಿದೆ.

ಕಳೆದ ಅಕ್ಟೋಬರಿನಲ್ಲಿ ಜೈನಬಾಳ ಹೃದಯದ ಒಂದು ಕವಾಟ ಸಣ್ಣದಾಗಿದೆ, ಆಪರೇಷನ್ ಆಗಬೇಕು ಎಂದರು ಮಂಗಳೂರಿನ ಡಾಕ್ಟರು. ನವೆಂಬರ್ ಹದಿನೆಂಟಕ್ಕೆ ದಿನವನ್ನೂ ಕೊಟ್ಟರು. ಕುಂಞಿಯ ರಜೆ ಇದ್ದದ್ದು ಡಿಸೆಂಬರ್ ಐದರಿಂದ. ನವೆಂಬರಿನ ಎರಡು ಜಾಗದಲ್ಲಿ ಒಂದು ಅಡುಗೆಮನೆಯ ಶಂಸುದ್ದೀನನದು, ಅವನ ತಂಗಿಯ ನಿಕಾಹ್ ಇತ್ತು. ಇನ್ನೊಂದು ಹೈದರಾಬಾದಿನ ಗುಲಾಮ್ ಮುಹಮ್ಮದನದು, ಹಾಸಿಗೆ ಹಿಡಿದ ತಾಯಿಯನ್ನು ಅವನು ನೋಡದೆ ಎರಡು ವರ್ಷವಾಗಿತ್ತು.

ಜೈನಬಾ ನನಗೇ ಫೋನ್ ಮಾಡಿದಳು. ಆ ಸಲ ನಗಲಿಲ್ಲ.

"ಬಾಸಿಲಣ್ಣ, ಪಟ್ಟಿ ನಿಮ್ಮ ಕಂಪ್ಯೂಟರಿನಲ್ಲೇ ಇರುದಲ್ವಾ? ಒಂದು ಹೆಸರು ಸ್ವಲ್ಪ ಮೇಲೆ ಹಾಕ್ಲಿಕ್ಕೆ ಆಗುದಿಲ್ವಾ? ನನಗೆ ಹೆದರಿಕೆ ಆಗ್ತದೆ. ಇವರು ಬಾಗಿಲ ಹೊರಗೆ ಕೂತಿದ್ರೆ ಸಾಕು."

ಆಗುತ್ತಿತ್ತು. ಎರಡು ನಿಮಿಷದ ಕೆಲಸ. ಆದರೂ ನಾನು ಕುಂಞಿಯನ್ನು ಕೇಳಿದೆ. ಗುಲಾಮ್ ಮುಹಮ್ಮದ್ ಕೂಡ ಬಂದು, "ಕುಂಞಿ ಭಾಯ್, ಮೊದಲು ನೀವು ಹೋಗಿ, ನಾನು ಡಿಸೆಂಬರಿಗೆ ಹೋಗ್ತೇನೆ" ಅಂದ. ಕುಂಞಿ ಒಪ್ಪಲಿಲ್ಲ.

"ಅವನು ತಾಯಿಗೆ ಹೇಳಿ ಆಗಿದೆ ಮಾರಾಯ. ಆ ಮುದುಕಿ ದಿನ ಎಣಿಸ್ತಾ ಕೂತಿದೆ. ಸೂಪರ್‌ವೈಸರ್ ಆಗಿ ನಾನೇ ಮಧ್ಯ ನುಗ್ಗಿದ್ರೆ ನಾಳೆ ಇವರಿಗೆ ನಾನು ಎಂತ ಹೇಳುದು? ಜೈನಬಾ ಮೂರು ವಾರ ಕಾಯ್ತಾಳೆ."

ಆ ಜನರಲ್ ಮೊದಲೇ ಉಂಡಿದ್ದ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇರಲಿಲ್ಲ. ಬಾಯಿ ತೆರೆದೆ. ನಂತರ ಚಹಾ ಕುಡಿಯುತ್ತೀಯಾ ಎಂದು ಕೇಳಿದೆ.

ಜೈನಬಾ ಡಾಕ್ಟರನ್ನು ಬೇಡಿಕೊಂಡು ದಿನವನ್ನು ಡಿಸೆಂಬರ್ ಒಂಬತ್ತಕ್ಕೆ ಹಾಕಿಸಿಕೊಂಡಳು. ಡಾಕ್ಟರು ಗೊಣಗಿದರಂತೆ. ನವೆಂಬರ್ ಇಪ್ಪತ್ತೆಂಟು, ಗುರುವಾರ, ಬೆಳಿಗ್ಗೆ ಒಲೆಯ ಮುಂದೆ ಕುಸಿದು ಬಿದ್ದಳು, ಮತ್ತೆ ಏಳಲಿಲ್ಲ. ಮಗ ಸುಹೈಲನ ಫೋನು ಕುಂಞಿಗೆ ಬಂದಾಗ ಇಲ್ಲಿ ಹತ್ತು ಗಂಟೆ ದಾಟಿತ್ತು. ಅದು ಅವನು ಏಪ್ರನ್ ಕಟ್ಟುವ ಗುರುವಾರ.

ನಾನು ಒಂದು ಗಂಟೆಯೊಳಗೆ ಅವನು ಊರಿಗೆ ಹೋಗಿಬರುವ ವೀಸಾದ ಕಾಗದ ತಯಾರು ಮಾಡಿಕೊಂಡು ಮೆಸ್ಸಿಗೆ ಓಡಿದೆ. ಅವನು ಏಪ್ರನ್ ಕಟ್ಟಿಕೊಂಡು ಸೌಟು ಹಿಡಿದು ನಿಂತಿದ್ದ.

"ಎಂತ ಮಾಡ್ತಿದ್ದೀ ನೀನು? ಹೊರಡು ಮಾರಾಯ!"

"ಸಂಜೆಯ ಅಸರ್ ನಮಾಜಿನೊಳಗೆ ಮಣ್ಣು ಮಾಡ್ತಾರೆ. ಅಷ್ಟರೊಳಗೆ ಮುಟ್ಟುವ ವಿಮಾನ ಇಲ್ಲ" ಅಂದ. "ಅನ್ನ ಬಿಸಿ ಉಂಟು. ಸಾಲು ನಿಂತಿದೆ."

ಮುನ್ನೂರು ಮಂದಿಗೆ ಬಡಿಸಿದ. ಯಾರಿಗೆ ಎಷ್ಟು ಎಂಬ ಅಂದಾಜು ಒಮ್ಮೆಯೂ ತಪ್ಪಲಿಲ್ಲ. ಅಡುಗೆಮನೆಯವರಿಗೆ ಆಗ ಸುದ್ದಿ ಗೊತ್ತಾಗಿತ್ತು. ಪುತ್ತೂರಿನ ಕೂಸಪ್ಪ, ತರಕಾರಿ ಹೆಚ್ಚುವವನು, ಅಳುತ್ತಲೇ ತಟ್ಟೆ ಒಡ್ಡಿದ. ಅವನಿಗೂ ಬಡಿಸಿದ. ಕೊನೆಗೆ ತನಗೊಂದಿಷ್ಟು ಹಾಕಿಕೊಂಡು, ಉಣ್ಣದೆ, ಹಾಗೇ ಚೆಲ್ಲಿ, ತಟ್ಟೆ ತೊಳೆದಿಟ್ಟ. ಅವನ ಕಣ್ಣಲ್ಲಿ ನೀರಿರಲಿಲ್ಲ. ನನಗೂ ಬರಲಿಲ್ಲ.

ಡಿಸೆಂಬರ್ ಐದಕ್ಕೂ ಅವನು ಹೋಗಲಿಲ್ಲ. ತನ್ನ ಜಾಗವನ್ನು ಕೂಸಪ್ಪನಿಗೆ ಕೊಟ್ಟ. ಶಬ್ನಮ್ ಅಪ್ಪನ ಹತ್ತಿರ ಮಾತು ಬಿಟ್ಟಳು. ಅವನು ಪ್ರತಿ ಶುಕ್ರವಾರ ಫೋನ್ ಮಾಡುತ್ತಾನೆ, ಅವಳು ಎತ್ತುವುದಿಲ್ಲ, ಅವನು ಫೋನನ್ನು ಕೆಳಗಿಟ್ಟು ಅಂಗಿಗೆ ಇಸ್ತ್ರಿ ಹಾಕುತ್ತಾನೆ.

ಜನವರಿ ಬಂತು. ಈ ಸಲ ಪಟ್ಟಿಯನ್ನು ಅಡುಗೆಮನೆಯವರೇ ಬರೆದುಕೊಂಡು ಬಂದರು. ಮೊದಲ ಹೆಸರು ಮಹಮ್ಮದ್ ಕುಂಞಿ. ಕೆಳಗೆ ಹದಿಮೂರು ಮಂದಿಯ ಸಹಿ. ನಾನು ಅದನ್ನು ಹಿಡಿದು, ಊಟದ ಹೊತ್ತಿಗೆ ಮುಂಚೆ ಅವನು ಒಬ್ಬನೇ ಸಿಗುವ ಉಗ್ರಾಣಕ್ಕೆ ಹೋದೆ. ಅಕ್ಕಿಯ ಮೂಟೆಯ ಮೇಲೆ ಕೂತಿದ್ದ. ಅವತ್ತು ಹೇಗೋ ನನಗೆ ಬಾಯಿ ಬಂತು.

"ಕುಂಞಿ, ನಾನೊಂದು ತಪ್ಪು ಮಾಡಿದ್ದೇನೆ. ಮೂವತ್ತನಾಲ್ಕು ವರ್ಷದಿಂದ ಮಾಡ್ತಾ ಬಂದದ್ದು. ಆ ಜನರಲ್ ಅವತ್ತು ಕೊನೆಗೆ ಉಣ್ಣಲಿಲ್ಲ. ಎಲ್ಲರಿಗಿಂತ ಮೊದಲು ಉಂಡಿದ್ದ. ಲೆಕ್ಕ ಬರೆದದ್ದು ನಾನು."

ಅವನು ನನ್ನನ್ನು ನೋಡಿದ. ಸಿಟ್ಟಾಗಲಿಲ್ಲ, ಆಶ್ಚರ್ಯವೂ ಪಡಲಿಲ್ಲ.

"ಗೊತ್ತುಂಟು" ಅಂದ. "ಎಲ್ಲರಿಗೂ ಕಾಗದದ ತಟ್ಟೆ ಅಲ್ವಾ ಅಲ್ಲಿ. ಅವತ್ತು ಹಿಂಬದಿಯ ಡೇರೆಯಿಂದ ಐದು ಪಿಂಗಾಣಿ ತಟ್ಟೆ ತೊಳೀಲಿಕ್ಕೆ ಬಂತು. ಮೂಳೆ ಇತ್ತು ಅದರಲ್ಲಿ. ತೊಳೆದದ್ದು ನಾನೇ."

ನಾನು ಪಕ್ಕದ ಮೂಟೆಯ ಮೇಲೆ ಕೂತೆ.

"ಗೊತ್ತಿದ್ದೂ ಯಾಕೆ ಮಾರಾಯ?"

"ಅವನು ಮಾಡ್ಲಿಲ್ಲ. ಆದ್ರೆ ಮಾಡ್ಬೇಕಾದದ್ದು ಅದೇ ಅಂತ ಅವನಿಗೂ ಗೊತ್ತಿತ್ತು, ಇಲ್ಲದಿದ್ರೆ ಫೋಟೊ ಯಾಕೆ ತೆಗೆಸ್ತಾನೆ? ಒಬ್ಬನಾದ್ರೂ ನಿಜವಾಗಿ ಮಾಡಿ ನೋಡುವ ಅಂತ ಕಂಡಿತು ನನಗೆ. ಮಾಡಿದೆ."

ಹೊರಗೆ ಸಾಲು ನಿಂತವರು ತಟ್ಟೆ ಬಡಿಯುವುದು ಕೇಳುತ್ತಿತ್ತು. ನಾನು ಕೇಳಿದೆ, "ಜೈನಬಾಗೆ ಇದು ಗೊತ್ತಿತ್ತಾ?"

"ಮದುವೆ ಆದ ವರ್ಷವೇ ಆ ತಟ್ಟೆಯ ಸಂಗತಿ ಎಲ್ಲ ಹೇಳಿದ್ದೆ. ಎಲ್ಲದರಲ್ಲೂ ನಾನು ಕೊನೆಗೆ ನಿಲ್ಲುವವ, ನಿನಗೆ ಕಷ್ಟ ಆದೀತು ಅಂತ. ಅವಳು ನಗಾಡಿದ್ಳು. 'ಹಾಗಾದ್ರೆ ನಿಮ್ಮ ಹಿಂದೆ ನಾನು ನಿಲ್ತೇನೆ' ಅಂದ್ಳು." ಅವನು ಮೂಟೆಯಿಂದ ಜಾರಿದ ಎರಡು ಅಕ್ಕಿ ಕಾಳನ್ನು ಹೆಕ್ಕಿ ಒಳಗೆ ಹಾಕಿದ. "ಅವಳು ನಿಂತದ್ದನ್ನು ನಾನು ಒಮ್ಮೆಯೂ ತಿರುಗಿ ನೋಡ್ಲಿಲ್ಲ ಬಾಸಿಲ್."

ನಾನು ಪಟ್ಟಿ ಮುಂದೆ ಹಿಡಿದೆ. ಅವನು ಸಹಿಗಳನ್ನೆಲ್ಲ ಒಂದೊಂದಾಗಿ ಓದಿದ. ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡ. ತನ್ನ ಹೆಸರಿನ ಮೇಲೆ ಅದನ್ನು ಹಿಡಿದು ಸುಮಾರು ಹೊತ್ತು ಕೂತ. ಆಮೇಲೆ ಏನೂ ಬರೆಯದೆ ಪೆನ್ನನ್ನು ವಾಪಸು ಕೊಟ್ಟ.

"ಎಲ್ಲಿ ಬೇಕಾದ್ರೂ ಹಾಕು ಮಾರಾಯ."

ಮುನ್ನೂರು ಮಂದಿಯ ಊಟ ಮುಗಿಯಿತು. ಅಡುಗೆಮನೆಯವರು ಸಾಲು ನಿಂತರು. ಕುಂಞಿ ತಟ್ಟೆ ತೆಗೆದುಕೊಂಡು ಬಂದು, ಗುಲಾಮ್ ಮುಹಮ್ಮದನಿಗೂ ಕೂಸಪ್ಪನಿಗೂ ನಡುವೆ, ಜಾಗ ಕಂಡಲ್ಲಿ ನಿಂತ. ಅವನ ಹಿಂದೆ ಏಳು ಮಂದಿ ಇದ್ದರು. ಕೂಸಪ್ಪ ಅನ್ನದ ಸೌಟನ್ನು ಅವನ ಕೈಗೆ ಕೊಟ್ಟ, ಅವನು ಹಾಕಿಕೊಂಡ. ಆ ದಿನ ಪಾತ್ರೆಯಲ್ಲಿ ಕೋಳಿ ಬೇಕಾದಷ್ಟಿತ್ತು. ಒಂದು ತುಂಡು ಹಾಕಿಕೊಂಡು ಮೂಲೆಯ ಮೇಜಿನಲ್ಲಿ ಕೂತು, ಬಿಸಿ ಇರುವಾಗಲೇ ಉಂಡ.