ತೇಪೆ ಹಚ್ಚದ ಕೌದಿ

ನಮ್ಮ ಡ್ರಾಯಿಂಗ್ ಟೀಚರ ಎಡಗೈ ತೋರುಬೆರಳು ಜರಡಿಯಂತಿತ್ತು. ಸೂಜಿ ಚುಚ್ಚಿ ಚುಚ್ಚಿ ತುದಿಯ ಚರ್ಮ ಗಡುಸಾಗಿತ್ತು. ಹಾನಗಲ್ಲಿನ ಹೈಸ್ಕೂಲಿನಲ್ಲಿ ನಮಗೆ ಚಿತ್ರ ಕಲಿಸಿದ ಅವರು ಮನೆಯಲ್ಲಿ ಹಳೆಯ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದರು. ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. “ಸುಮ್ನ ಕುಂತ್ರ ಮನಸು ಎಲ್ಲೆಲ್ಲೋ ಓಡತೈತಿ” ಎನ್ನುತ್ತಿದ್ದರು.

ಅವರಿಗೆ ಮಕ್ಕಳಿರಲಿಲ್ಲ. ಪ್ರನಾಳ ಶಿಶುವಿನ ಚಿಕಿತ್ಸೆಗೆಂದು ಮೂರು ಸಲ ಹುಬ್ಬಳ್ಳಿಗೆ ಅಲೆದಿದ್ದರೆಂದು ನನಗೆ ತಿಳಿದದ್ದು ಅವರ ಕೌದಿಗಳ ಪ್ರದರ್ಶನದಲ್ಲಿ. ಅಷ್ಟು ಹೊತ್ತಿಗೆ ನಾನು ಮದುವೆಯಾಗಿ ಹಿರೇಕೆರೂರು ಸೇರಿ ಆರು ವರ್ಷವಾಗಿತ್ತು. ನನಗೂ ಅದೇ ಚಿಕಿತ್ಸೆ ನಡೆದಿತ್ತು. ನನಗೆ ಹಲ್ಲುನೋವೆಂದು ಅತ್ತೆಗೆ ಹೇಳಿ ಗಂಡನೊಂದಿಗೆ ಹುಬ್ಬಳ್ಳಿ ಬಸ್ಸು ಹತ್ತುತ್ತಿದ್ದೆ.

ಪ್ರದರ್ಶನಕ್ಕೆ ಟೀಚರ್ ಕರೆದಿದ್ದರು. ಕೌದಿ ನೋಡುವ ಆಸೆಗೆ ಅತ್ತೆಯೂ ಜೊತೆಗೆ ಬಂದರು. ಹಾನಗಲ್ಲಿನ ಸಭಾಭವನದ ಗೋಡೆಯ ಮೇಲೆ ಒಂದು ದೊಡ್ಡ ಕೌದಿ. ಸ್ಕ್ಯಾನಿಂಗಿನಲ್ಲಿ ಕಾಣುವ ಅಂಡಗಳ ಹಾಗೆ ಕಪ್ಪು ಗುಂಡುಗಳು, ಹೊಕ್ಕುಳ ಸುತ್ತ ಇಂಜೆಕ್ಷನ್ನಿನ ನೀಲಿ ಕಲೆಗಳು. ನಡುವೆ ಬಟ್ಟೆ ಕತ್ತರಿಸಿ ಬಿಟ್ಟ ತೂತು.

ಊರಿನ ಹಿರಿಯರೊಬ್ಬರು ಸಿಡುಕಿದರು. “ಹೆಣ್ಮಕ್ಕಳ ಗುಟ್ಟು ಗ್ವಾಡಿಗೆ ಹಾಕ್ತಾರೇನ್ರಿ? ಇಳಸ್ರಿ ಅದನ್ನ.”

ಟೀಚರ ದನಿ ನಡುಗುತ್ತಿತ್ತು. “ಗುಟ್ಟಾಗಿ ಎಲ್ಲಿ ಬಿಟ್ರಿ? ಸಂತ್ಯಾಗ, ಬಸ್ಸಿನ್ಯಾಗ, ಕಂಡಕಂಡಲ್ಲೆ ‘ಏನರ ವಿಶೇಷ ಐತೇನ್ರಿ’ ಅಂತ ಕೇಳಿದ್ರಿ. ಉತ್ತರ ಹೊಲದೇನಿ. ನೋಡ್ರಿ.”

ಕೌದಿ ಇಳಿಯಲಿಲ್ಲ. ನನ್ನ ಸೆರಗಿನ ಕೆಳಗೂ ಅವೇ ಕಲೆಗಳಿದ್ದವು. ನಿಂತಲ್ಲಿ ನಿಲ್ಲಲಾಗದೆ ಹೊರಗೆ ಹೋದೆ, ಒಳಗೆ ಬಂದೆ, ಕಣ್ಣೊರೆಸಿಕೊಂಡು ಮತ್ತೆ ಹೊರಗೆ ಹೊರಟೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. ಆಮೇಲೆ ತೂತಿನ ಅಂಚಿಗೆ ಬೆರಳಿಟ್ಟು ಟೀಚರನ್ನು ಕೇಳಿದರು, “ಇದಕ್ಕ ತ್ಯಾಪಿ ಯಾಕ ಹಚ್ಚಿಲ್ರಿ ಅಕ್ಕಾರ?”

“ಮೂರ ಸಲದಾಗ ಒಮ್ಮೆ ಎರಡ ತಿಂಗಳ ಬಸರ ನಿಂತಿತ್ರಿ. ಆಮ್ಯಾಲೆ ಹೋತು. ಹಚ್ಚಾಕ ಮನಸು ಬರಲಿಲ್ರಿ.”

ವಾಪಸು ಬರುವಾಗ ಬಸ್ಸು ತಿಳವಳ್ಳಿ ದಾಟಿದ ಮೇಲೆ ಅತ್ತೆ ನನ್ನ ಕೈ ಹಿಡಿದು, “ಮುಂದಿನ ಸಲ ಹುಬ್ಬಳ್ಳಿಗೆ ನಾನೂ ಬರ್ತೇನಿ. ನನ್ನ ಮುಂದ ಸುಳ್ಳು ಹೇಳ್ಕೋತ ತಿರಗಬ್ಯಾಡವಾ” ಎಂದರು.

ಬಂದರು. ಆ ಸಲವೂ ನನಗೆ ಗರ್ಭ ನಿಲ್ಲಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಅವರ ಹೆಗಲಿಗೊರಗಿ, ಎಲ್ಲರೆದುರು, ನಾಚಿಕೆಯಿಲ್ಲದೆ ಅಳಲು ಸಾಧ್ಯವಾಯಿತು. ಇದನ್ನು ಟೀಚರಿಗೆ ಹೇಳಬೇಕೆಂದು ಎಷ್ಟೋ ಸಲ ಫೋನು ಕೈಗೆತ್ತಿಕೊಂಡೆ, ಇಟ್ಟೆ. ಕಳೆದ ಮಳೆಗಾಲದಲ್ಲಿ ಅವರು ಎದೆನೋವಿನಿಂದ ತೀರಿಕೊಂಡರು.

ಮಣ್ಣು ಮುಗಿದ ಮೇಲೆ ಅವರ ಗಂಡನಿಗೆ ಎಲ್ಲವನ್ನೂ ಹೇಳಿದೆ.

“ಆಕೀ ಮುಂದ ಒಮ್ಮೆರ ಹೇಳಬೇಕಿತ್ತವಾ. ‘ಅದನ್ನ ಗ್ವಾಡಿಗೆ ಹಾಕಿ ನಾ ತಪ್ಪು ಮಾಡಿದ್ನೇನ್ರಿ’ ಅಂತ ಕಡೀತನಕ ಕೇಳ್ಕೋತನ ಇದ್ಲು.”