ಎಡಗಿವಿಯ ಓಲೆ

ನನಗೆ ಗೊತ್ತಿತ್ತು, ಸಿಂಚನಾ. ಹುಟ್ಟಿನಿಂದಲೇ ನಿನ್ನ ಎಡಗಿವಿಯ ಜಾಗದಲ್ಲಿ ಕಿವಿಯ ಬದಲು ಇದ್ದ ಆ ಪುಟ್ಟ ಗಂಟನ್ನು ಚುಚ್ಚಿಸಬಾರದೆಂದು ಗೊತ್ತಿದ್ದೂ ಚುಚ್ಚಿಸಿದವನು ನಾನು, ನಿನ್ನ ಸೋದರಮಾವ. ಯಾರಿಗೂ ಗೊತ್ತಿರಲಿಲ್ಲ ಎಂದು ಹನ್ನೆರಡು ವರ್ಷ ಎಲ್ಲರನ್ನೂ ನಂಬಿಸಿದವನೂ ನಾನೇ.

ನೀನು ಎಂಟು ತಿಂಗಳ ಕೂಸು. ನಿಮ್ಮಪ್ಪ ಕಬ್ಬು ಕಡಿಸುವುದರಲ್ಲಿದ್ದರು. ನಾನು ನಿಮ್ಮಮ್ಮನ ಜೊತೆ ಮೈಸೂರಿನ ಡಾಕ್ಟರ ಹತ್ತಿರ ಹೋಗಿದ್ದೆ. ನೀನು ಅತ್ತು ರಂಪ ಮಾಡಿದೆ, ಅವಳು ನಿನ್ನನ್ನೆತ್ತಿಕೊಂಡು ಹೊರಗೆ ಹೋದಳು. ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ನನಗೊಬ್ಬನಿಗೇ ತಿಳಿಸಿದರು — ಹತ್ತು ವರ್ಷದ ಹೊತ್ತಿಗೆ ಪಕ್ಕೆಲುಬಿನ ಮೆದುಮೂಳೆ ತೆಗೆದು, ಕಿವಿಯ ಆಕಾರಕ್ಕೆ ಕೆತ್ತಿ, ಆ ಜಾಗದ ಚರ್ಮದ ಕೆಳಗೆ ಕೂರಿಸಬಹುದು. ಆಮೇಲೆ ಇನ್ನೊಂದು ಆಪರೇಷನ್ನಿನಲ್ಲಿ ಎತ್ತಿ ನಿಲ್ಲಿಸಬಹುದು. "ಅಲ್ಲೀತನಕ ಆ ಚರ್ಮ ಮುಟ್ಟಬೇಡಿ. ಕುಯ್ಯೋದು, ಚುಚ್ಚೋದು ಏನೂ ಬೇಡ" ಎಂದರು. ನನ್ನ ಎರಡೂ ಕಿವಿ ನೆಟ್ಟಗಿವೆ, ಚೆನ್ನಾಗಿಯೇ ಕೇಳಿಸಿತು. ಹೊರಗೆ ಬಂದು ನಿಮ್ಮಮ್ಮನಿಗೆ ಹೇಳಿದ್ದು ಅರ್ಧ ಮಾತ್ರ — ಹತ್ತು ವರ್ಷಕ್ಕೆ ಆಪರೇಷನ್ನಂತೆ ಎಂದು.

ಉಳಿದರ್ಧ ಯಾಕೆ ನುಂಗಿದೆ? ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಓಲೆ ಅವನೇ ತರಬೇಕು. ಮದ್ದೂರಿನಲ್ಲಿ ಆಗಲೇ ಒಂದು ಜೊತೆ ಮಾಡಿಸಿಟ್ಟಿದ್ದೆ. ಇತ್ತ ನಿಮ್ಮೂರು ನಿಡಘಟ್ಟದಲ್ಲಿ ನಿಮ್ಮಜ್ಜಿ, ನಿಮ್ಮಪ್ಪನ ತಾಯಿ, ಬಂದವರಿಗೆಲ್ಲ ಹೇಳುತ್ತಿದ್ದರು — ಗ್ರಹಣದ ದಿನ ಬಸುರಿ ಸೊಸೆ ಈಳಿಗೆಮಣೆ ಮುಂದೆ ಕೂತಳು, ಅದಕ್ಕೇ ಕೂಸಿನ ಕಿವಿ ಹೀಗಾಯಿತು ಎಂದು. ಅಂಥವರ ಮುಂದೆ ಒಂಟಿ ಓಲೆ ತಂದ ತವರು ಅನ್ನಿಸಿಕೊಳ್ಳುವುದೆ — ಥೂ, ಇಷ್ಟೇ ಕಾರಣ. ನನ್ನ ಒಣಜಂಬ.

ಚುಚ್ಚಲು ಬಂದ ಆಚಾರಿಯೇ ಹಿಂಜರಿದ. "ಇದು ಬರೀ ತೊಗಲು ಕಣಣ್ಣ, ಬ್ಯಾಡ ಬುಡು" ಅಂದ. ಬ್ಲಫ್ ಊರಿನ ಪವರ್‌ಹೌಸಿನಲ್ಲಿ 'ಅಪಾಯ, ಮುಟ್ಟಬೇಡಿ' ಬೋರ್ಡುಗಳ ನಡುವೆಯೇ ದುಡಿಯುವ ನನಗೆ ಅಷ್ಟು ಬುದ್ಧಿ ಬರಲಿಲ್ಲ.

"ಚುಚ್ಚಯ್ಯ ನೀನು. ನಮ್ ಕೂಸು ಒಂದೇ ಓಲೆ ಆಕ್ಕಂಡು ನಿಂತ್ರೆ ಊರು ನಗಾಕಿಲ್ವಾ?"

ಇದು ನನ್ನ ಮಾತು. ನೀನು ಒದ್ದಾಡಿದಾಗ ತಲೆ ಅಲುಗದಂತೆ ಬಿಗಿಯಾಗಿ ಹಿಡಿದದ್ದು ಈ ಕೈ.

ವಾರದೊಳಗೆ ಕೀವಾಯಿತು. ನಿಮ್ಮಮ್ಮ ಅರಿಶಿನ ಅರೆದು ಹಚ್ಚಿದಳು. ವಾಸಿಯಾಗದೆ ಆಸ್ಪತ್ರೆಯಲ್ಲಿ ಕುಯ್ದು ಕೀವು ತೆಗೆದರು. ಗಾಯ ಮಾಯ್ದರೂ ಚರ್ಮ ಗಟ್ಟಿಯಾಗಿ ಸೆಟೆದುಕೊಂಡಿತು. ನಿನಗೆ ಹತ್ತು ವರ್ಷವಾದಾಗ ಮತ್ತೆ ಹೋದೆವು, ಬೇರೊಬ್ಬ ಡಾಕ್ಟರು ಅಲ್ಲಿ ಬೆರಳಾಡಿಸಿ ನೋಡಿದರು. ಈ ಚರ್ಮ ಹಿಗ್ಗುವುದಿಲ್ಲ. ತಲೆಯ ಪಕ್ಕದ ಒಳಪದರ ಮಡಚಿ ತಂದು, ಬೇರೆ ಕಡೆಯ ಚರ್ಮ ಹೊದಿಸಿ ದೊಡ್ಡ ಆಪರೇಷನ್ನನ್ನೇ ಮಾಡಬೇಕು, ಇಲ್ಲವೇ ಅಂಟಿಸಿಕೊಳ್ಳುವ ಸಿಲಿಕೋನ್ ಕಿವಿ ಎಂದರು. ಆಮೇಲೆ ಕೇಳಿದರು — "ಚುಚ್ಚಬಾರದು ಅಂತ ಯಾರೂ ಹೇಳಿರಲಿಲ್ವಾ?"

"ಯಾರೂ ಏಳ್ನಿಲ್ಲ ಸಾರ್" ಅಂದಳು ನಿಮ್ಮಮ್ಮ. "ನಾನೇ ಅರಿಸ್ನ ಅಚ್ಚಿ ಕೆಡಿಸ್ಬುಟ್ಟೆ."

ಪಕ್ಕದ ಕುರ್ಚಿಯಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ಅಂದಿನಿಂದ ಅವಳು ಪ್ರತಿ ಸೋಮವಾರ ವೈದ್ಯನಾಥಪುರದ ದೇವಸ್ಥಾನಕ್ಕೆ ಹೋಗಿ ತಪ್ಪುಕಾಣಿಕೆ ಹಾಕುತ್ತಾಳೆ — ತಾನು ಮಾಡದ ತಪ್ಪಿಗೆ. ನನ್ನ ವಾರದ ರಜೆಯೂ ಸೋಮವಾರವೇ, ಬೈಕಿನಲ್ಲಿ ಕರೆದುಕೊಂಡು ಹೋಗುವವನು ನಾನೇ. "ಅಣ್ಣ, ನೀನಿಲ್ದಿದ್ರೆ ನಂಗ್ಯಾರಿದ್ರು" ಅನ್ನುತ್ತಾಳೆ ಹಿಂದಿನಿಂದ. ಆ ಮಾತು ಕೇಳಿಯೂ ಗಾಡಿ ಓಡಿಸಿದ್ದೇನಲ್ಲ, ಎಂಥ ನಾಯಿಜನ್ಮ. ಹದಿಮೂರಾಗಿರುವ ನೀನು ಕೂದಲನ್ನೆಲ್ಲ ಎಡಕ್ಕೇ ಎಳೆದುಕೊಂಡು, ಫೋಟೊ ಅಂದರೆ ಎದ್ದು ಹೋಗುತ್ತೀಯ. 'ಪಾಪ, ಹಳ್ಳಿಯವರು, ತಿಳಿಯದೆ ಮಾಡಿದ್ದು' ಎಂದು ಯಾರಾದರೂ ಅಂದರೆ ಮೈ ಉರಿಯುತ್ತದೆ. ತಿಳಿದಿತ್ತು. ತಿಳಿದೇ...

ಮೊದಲು ನಿನಗೆ ಬರೆಯುತ್ತಿದ್ದೇನೆ, ಚರ್ಮ ನಿನ್ನದು. ನಾಳೆ ಸೋಮವಾರ. ಎಂದಿನಂತೆ ನಿಮ್ಮ ಬಾಗಿಲಿಗೆ ಬರುತ್ತೇನೆ. ನಿಮ್ಮಜ್ಜಿ ಜಗಲಿಯ ಮೇಲಿರುವಾಗಲೇ, ಡಾಕ್ಟರು ಹೇಳಿದ ಉಳಿದರ್ಧವನ್ನು ನಿಮ್ಮಮ್ಮನಿಗೆ ಹೇಳುತ್ತೇನೆ. ಆಮೇಲೆ ಅವಳು ನನ್ನ ಬೈಕು ಹತ್ತುವುದಿಲ್ಲ. ಹತ್ತಲೂಬಾರದು.